ಚಿಕ್ಕ ಆರ್‌ಸಿ (ರಿಮೋಟಿನಿಂದ ಹಾರಿಸುವ) ವಿಮಾನಕ್ಕೆ ಹಗುರ ಬ್ಯಾಟರಿ: ಬಳಸಿದವರು ಅನುಭವ ತಿಳಿಸಿ

ಶಿವಮೊಗ್ಗದಿಂದ, ಪ್ರಶ್ನೆ ಕೇಳಿದವರು:
ಫೋಮ್ ಬೋರ್ಡ್ ಕತ್ತರಿಸಿ ನಾನೇ ಕಟ್ಟಿದ 90 ಸೆಂ.ಮೀ. ರೆಕ್ಕೆಯ ವಿಮಾನ ಬ್ಯಾಟರಿ ಬಿಟ್ಟು 240 ಗ್ರಾಂ ತೂಗುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಮೋಟರ್ 8 ಆಂಪಿಯರ್ ಎಳೆಯುತ್ತದೆ. 2ಎಸ್ ಲಿಪೋದಲ್ಲಿ, ಅಂದರೆ ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ, 450 ಎಂಎಎಚ್ ಸಾಮರ್ಥ್ಯದ್ದು ಸಾಕೇ, 850ರದ್ದು ಬೇಕೇ?

ಸಾಗರದವರು:
ನಾನು ಮೊದಲು ತರಿಸಿದ್ದು 450ರದ್ದನ್ನೇ. 30 ಗ್ರಾಂ ಎಂದು ಹಿಗ್ಗಿದ್ದೆ. ಮೇಲೆ 25ಸಿ, ಅಂದರೆ ಸಾಮರ್ಥ್ಯದ 25 ಪಟ್ಟು ಕರೆಂಟ್, ಎಂದು ಅಚ್ಚಾಗಿದ್ದರಿಂದ 11 ಆಂಪಿಯರ್ ಕೊಡಬೇಕಿತ್ತು, ಆದರೆ 7 ಆಂಪಿಯರ್‌ಗೇ ಕೈಸುಡುವಷ್ಟು ಕಾದು, ಹನ್ನೆರಡನೆಯ ಹಾರಾಟಕ್ಕೆ ಕರಿದ ಹಪ್ಪಳದಂತೆ ಉಬ್ಬಿತು. 620 ರೂಪಾಯಿ ಹೋಯಿತು. ಬುದ್ಧಿ ಬಾರದೆ ಅದನ್ನೇ ಇನ್ನೊಮ್ಮೆ ತರಿಸಿದೆ. ಮತ್ತೆ 620, ಜೊತೆಗೆ ಸಾಗಣೆಗೆ 140, ಲಾರಿಯಲ್ಲಿ ಬರಲು ಹನ್ನೊಂದು ದಿನ. ಈಗ 850ರಲ್ಲಿ ಎರಡು ವರ್ಷದಿಂದ ಹಾರಿಸುತ್ತಿದ್ದೇನೆ. 52 ಗ್ರಾಂ ತೂಕ, ಹತ್ತು ನಿಮಿಷದ ಹಾರಾಟ; ಇಳಿಸಿದಾಗ ಸೆಲ್ಲಿಗೆ 3.7 ವೋಲ್ಟ್ ಉಳಿದಿರುತ್ತದೆ.

ತೀರ್ಥಹಳ್ಳಿಯವರು:
ಲಿಪೋ ಎಂಬುದೇ ದುಡ್ಡು ಸುಡುವ ಕೆಲಸ. ನಾನು 18650 ಎಂಬ ಅಳತೆಯ ಲಿಥಿಯಂ ಅಯಾನ್ ಸೆಲ್ ಎರಡನ್ನು ಬೆಸೆದು ಇಪ್ಪತ್ತೆಂಟು ನಿಮಿಷ ಹಾರಿಸಿದ್ದೇನೆ. ಮೊದಲಿಗೆ ಹಳೆಯ ಲ್ಯಾಪ್‌ಟಾಪಿನ ಸೆಲ್ ಬಳಸಿದ್ದು ನನ್ನದೇ ತಪ್ಪು. ಥ್ರಾಟಲ್ ಕೊಟ್ಟ ಕೂಡಲೇ ವೋಲ್ಟೇಜ್ ಕುಸಿದು, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ) ಮೋಟರನ್ನು ನಿಲ್ಲಿಸಿ, ವಿಮಾನ ಪಕ್ಕದ ತೋಟದ ಅಡಿಕೆ ಮರದ ತಲೆಯಲ್ಲಿ ಕುಳಿತಿತು. ಇಳಿಸಿಕೊಟ್ಟ ಕೊನೆಗಾರನಿಗೆ 300 ರೂಪಾಯಿ ಕೊಟ್ಟೆ. ಅವನು ಒಂದು ಗೊನೆ ಅಡಿಕೆಯನ್ನೂ ಕೆಡವಿದ್ದರಿಂದ ತೋಟದವರ ಮುಖ ನೋಡುವಂತಿರಲಿಲ್ಲ. ಆಮೇಲೆ ಹೆಚ್ಚು ಕರೆಂಟ್ ಕೊಡುವ ಹೊಸ ಸೆಲ್ ಕೊಂಡೆ. ಒಂದು ವರ್ಷವಾಯಿತು, ಒಂದೂ ಉಬ್ಬಿಲ್ಲ.

ಸಾಗರದವರು:
ಉಬ್ಬುವುದೆಲ್ಲಿಂದ, ಅದು ತಗಡಿನ ಡಬ್ಬಿ! ಎರಡು ಸೆಲ್ಲಿಗೇ ತೊಂಬತ್ತು ಗ್ರಾಂ ದಾಟುತ್ತದೆ. 240 ಗ್ರಾಮಿನ ವಿಮಾನಕ್ಕೆ ಅಷ್ಟು ಹೇರಿದರೆ ಅದು ವೇಗವಾಗಿಯೇ ಇಳಿಯಬೇಕಾಗುತ್ತದೆ; ನಮ್ಮ ಕೊಯ್ದ ಗದ್ದೆಯ ಕೂಳೆಯಲ್ಲಿ ಮೂಗು ಮುರಿಯದೆ ಇಳಿಸಿ ತೋರಿಸಿ. ಕೇಳಿದ್ದು ಹಗುರದ ಬ್ಯಾಟರಿಯನ್ನು, ಸ್ವಾಮಿ.

ಆಗುಂಬೆ ಕಡೆಯವರು:
ನಿಮ್ಮಿಬ್ಬರ ನಷ್ಟವೂ ನನ್ನದರ ಮುಂದೆ ಏನೂ ಅಲ್ಲ. ಮೇ ಕೊನೆಯಲ್ಲಿ ಮಳೆ ಬಿಡುವು ಕೊಟ್ಟೀತೆಂದು ನಾಲ್ಕು ಲಿಪೋಗಳನ್ನೂ ಪೂರ್ತಿ, ಅಂದರೆ ಸೆಲ್ಲಿಗೆ 4.2 ವೋಲ್ಟ್‌ವರೆಗೆ, ಚಾರ್ಜ್ ಮಾಡಿಟ್ಟೆ. ಮಳೆ ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಬೀರು ತೆಗೆದಾಗ ನಾಲ್ಕೂ ದಿಂಬಿನಂತಾಗಿದ್ದವು. ಒಂದರ ಹೊರಹಾಳೆ ಅಂಚಿನಲ್ಲಿ ಬಿಟ್ಟು ಸಿಹಿ ವಾಸನೆ ಬರುತ್ತಿತ್ತು. ಒಟ್ಟು 3,400 ರೂಪಾಯಿ. ಈ ಥಂಡಿಯಲ್ಲಿ ಲಿಪೋ ಬಾಳುವುದಿಲ್ಲ.

ಸಾಗರದವರು:
ಥಂಡಿಗೆ ಕೆಡುವುದು ಕನೆಕ್ಟರಿನ ಪಿನ್, ಅದಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಸೆಲ್ ಮುಚ್ಚಿದ ಚೀಲ. ಅದನ್ನು ಉಬ್ಬಿಸಿದ್ದು ನಿಮ್ಮ ಪೂರ್ತಿ ಚಾರ್ಜ್. 3.8 ವೋಲ್ಟಿಗೆ ಇಳಿಸಿಡುವ ಸ್ಟೋರೇಜ್ ಗುಂಡಿ ಹಲವು ಬ್ಯಾಲೆನ್ಸ್ ಚಾರ್ಜರುಗಳಲ್ಲಿ (ಸೆಲ್ಲುಗಳನ್ನು ಸಮನಾಗಿ ತುಂಬುವ ಚಾರ್ಜರು) ಇರುವುದು ಅಲಂಕಾರಕ್ಕಲ್ಲ.

ಆಗುಂಬೆ ಕಡೆಯವರು:
ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರಿನಲ್ಲಿ ಒಂದು ಮಳೆಗಾಲ ಇದ್ದು ಆಮೇಲೆ ಪಾಠ ಹೇಳಿ. 450ರದ್ದನ್ನು ಎರಡು ಸಲ ಕೊಂಡವರು ನನ್ನ ಗುಂಡಿಯ ಲೆಕ್ಕ ಕೇಳುವುದೇ?

ತೀರ್ಥಹಳ್ಳಿಯವರು:
ಅಂತೂ ಇಬ್ಬರಿಂದಲೂ ಉಬ್ಬಿದ್ದು ಲಿಪೋ ಎಂದಾಯಿತು.

ಶಿವಮೊಗ್ಗದಿಂದ, ಪ್ರಶ್ನೆ ಕೇಳಿದವರು:
ಎಲ್ಲರಿಗೂ ನಮಸ್ಕಾರ. ವಿಮಾನದ ಮೂಗಿನ ಗೂಡು 55 ಮಿ.ಮೀ. ಉದ್ದವಿದೆ. 850ರದ್ದು ಅದರಲ್ಲಿ ಹಿಡಿಯುತ್ತದೆಯೇ ಎಂದು ಸಾಗರದವರು ಅಳೆದು ಹೇಳಬಹುದೇ?

ಸಾಗರದವರು:
ಅಳೆಯುತ್ತೇನೆ. ಮೊದಲು ಆಗುಂಬೆಯವರು ತಮ್ಮ ಚಾರ್ಜರ್ ಯಾವುದೆಂದು ಹೇಳಲಿ.