ಸ್ಟೆಪ್ ಬರಿ ಅಂದ್ರೆ ಮಗಳು ಕಥೆ ಬರೀತಾಳೆ, ನೀವೆಲ್ಲ ಹೇಗೆ ಕಲಿಸಿದ್ರಿ?

ಹಡಪ್ಸರ್, ಪುಣೆ: ಮಗಳಿಗೆ 7 ವರ್ಷ. ಮಕ್ಕಳ ಕೋಡಿಂಗ್ ಆಪ್ ಸ್ಕ್ರ್ಯಾಚ್ ಜೂನಿಯರ್‌ನಲ್ಲಿ ಬ್ಲಾಕ್ ಎಳೆದು ಬೆಕ್ಕನ್ನ ಓಡಾಡಿಸ್ತಾಳೆ, ಆದ್ರೆ ಮೊದ್ಲು ಪೇಪರ್ ಮೇಲೆ ಸ್ಟೆಪ್ ಬರ್ಕೋ ಅಂದ್ರೆ "ಬೆಕ್ಕು ಹೋಗುತ್ತೆ, ಮೀನು ನೋಡುತ್ತೆ, ಖುಷಿ ಆಗುತ್ತೆ" ಅಂತ ಕಥೆ. ಸೊಸೈಟಿಯ ಇನ್ನೂ ನಾಲ್ಕು ಕನ್ನಡ ಮಕ್ಕಳು ಭಾನುವಾರ ಬರ್ತಾರೆ, ಅವರದ್ದೂ ಇದೇ ಹಾಡು. ಏನ್ ಮಾಡ್ಲಿ?

ಕೋಥ್ರೂಡ್: ನಮ್ಮನೇಲೂ ಇದೇ ಆಗಿದ್ದು, ಎರಡು ವರ್ಷ ಒದ್ದಾಡಿದೀನಿ. ನಂಗೆ ಕೊನೆಗೆ ಹೊಳೆದಿದ್ದು ಏನಂದ್ರೆ ತೊಂದರೆ ಕೋಡಿಂಗ್‌ದಲ್ಲ, ಕ್ರಿಯಾಪದದ್ದು. "ಹೋಗುತ್ತೆ" ಅಂದ್ರೆ ಕಥೆ, "ಹೋಗು" ಅಂದ್ರೆ ಆಜ್ಞೆ. ಮೊದಲ ವಾರ ಅಷ್ಟೇ ಮಾಡಿ, ಮಗು ಬರೆದ ಪ್ರತಿ ಸಾಲನ್ನೂ ಯಾರಿಗಾದ್ರೂ ಅಪ್ಪಣೆ ಕೊಡೋ ಥರ ಬದಲಾಯಿಸು ಅನ್ನಿ. "ಖುಷಿ ಆಗು" ಅಂತ ಬೆಕ್ಕಿಗೆ ಹೇಳಿದ್ರೆ ಅದು ಏನ್ ಮಾಡ್ಬೇಕು ಅಂತ ಕೇಳಿದ್ರೆ ತಾವೇ ನಗ್ತಾರೆ, ಆಮೇಲೆ "ಎರಡು ಸಲ ಹಾರು" ಅಂತ ತಿದ್ದುತ್ತಾರೆ.

ಇನ್ನೊಂದು, ಇದು ನಮ್ಮ ಭಾಷೆಯದ್ದೇ ಆಟ. ನಾವು ಮಾತಾಡೋದು ಹೇಗೆ ನೋಡಿ, "ತಟ್ಟೆ ತಗೊಂಡು ತೊಳ್ದು ಒರ್ಸಿ ಕಪಾಟಲ್ಲಿಡು", ಒಂದೇ ಉಸಿರಲ್ಲಿ ನಾಲ್ಕು ಕೆಲಸ. ಮಕ್ಕಳೂ ಹಾಗೇ ಬರೀತಾರೆ, ತಪ್ಪೇನಿಲ್ಲ, ಬರೆಯೋಕೆ ಬಿಡಿ. ಬರೆದಾದ ಮೇಲೆ ಕೈಗೆ ಕತ್ತರಿ ಕೊಡಿ (ನಿಜವಾದ ಕತ್ತರಿ!), ಎಲ್ಲೆಲ್ಲಿ ಕೊಂಡು, ದು, ಸಿ ಬರುತ್ತೋ ಅಲ್ಲಲ್ಲಿ ಕತ್ತರಿಸು ಅನ್ನಿ. ತಗೋ. ತೊಳಿ. ಒರ್ಸು. ಇಡು. ಚೀಟಿ ಹಿಂದೆ ಮುಂದೆ ಮಾಡಿ ಜೋಡಿಸಿದ್ರೆ ಒರ್ಸಿದ ಮೇಲೆ ತೊಳೆಯೋದು ಎಷ್ಟು ಪೆದ್ದುತನ ಅಂತ ಅವಕ್ಕೇ ಗೊತ್ತಾಗುತ್ತೆ.

ಆಮೇಲೆ ಒಗ್ಗರಣೆ ಅವಲಕ್ಕಿ ಆಟ ಆಡಿದ್ವಿ, ಸ್ಟವ್ ಹಚ್ಚದೆ, ಬರೀ ಪಾತ್ರೆ ಇಟ್ಕೊಂಡು. ಮಗ ಬರೆದಿದ್ದ, "ಅವಲಕ್ಕಿ ತೊಳಿ". ನಾನು ಪ್ಯಾಕೆಟ್ ಒಡೀದೆ ಹಾಗೇ ನಲ್ಲಿ ಕೆಳಗೆ ಹಿಡಿದೆ. ಕಿರುಚಿದ. "ರುಚಿಗೆ ತಕ್ಕಷ್ಟು ಉಪ್ಪು" ಅಂದ್ರೆ ಯಾರ ರುಚಿಗೆ ಅಂತ ಕೇಳ್ತಾ ನಿಂತೆ. ಅಡುಗೆ ಬರಹದಲ್ಲಿ "ಹದವಾಗಿ", "ಸ್ವಲ್ಪ", "ಘಂ ಅನ್ನೋವರೆಗೆ" ಎಲ್ಲ ನಡೆಯುತ್ತೆ ಯಾಕಂದ್ರೆ ಓದೋರಿಗೆ ಮೂಗು ಇದೆ, ಟ್ಯಾಬ್‌ಗೆ ಇಲ್ಲ. "ಒಗ್ಗರಣೆ ಹಾಕು" ಅನ್ನೋ ಸಾಲು ಬಂದಾಗ ಮಾತ್ರ ನಾನು ನಿಲ್ಲಿಸಿ ಅದಕ್ಕೆ ಬೇರೆ ಚೀಟಿ ಮಾಡಿಸಿದೆ, ಮೇಲೆ ಹೆಸರು "ಒಗ್ಗರಣೆ", ಕೆಳಗೆ ಆರು ಸ್ಟೆಪ್. ಚಿತ್ರಾನ್ನಕ್ಕೂ ಉಪ್ಪಿಟ್ಟಿಗೂ ಅದೇ ಚೀಟಿ ತಂದು ಇಟ್ಟ. ಹೀಗೆ ಹೆಸರಿಟ್ಟು ಬೇಕಾದಾಗೆಲ್ಲ ಕರೆಯೋ ಸ್ಟೆಪ್‌ಗಳ ಗುಂಪಿಗೆ ಕೋಡಿಂಗ್‌ನಲ್ಲಿ ಫಂಕ್ಷನ್ ಅಂತಾರೆ, ಆ ಪದ ನಾನಿನ್ನೂ ಹೇಳೇ ಇಲ್ಲ, ಹೇಳೋ ಅವಸರವೂ ಇಲ್ಲ.

ಸ್ಕ್ರ್ಯಾಚ್ ಜೂನಿಯರ್‌ನಲ್ಲಿ ಗ್ರಿಡ್ ಆನ್ ಮಾಡಿ, ಅಡ್ಡಕ್ಕೆ 20 ಚೌಕ, ಎತ್ತರಕ್ಕೆ 15. "ಸ್ವಲ್ಪ ಮುಂದೆ" ಅನ್ನೋದು ತಾನಾಗೇ "5 ಚೌಕ" ಆಗುತ್ತೆ.

ಡೊಂಬಿವಲಿ: ಅವಲಕ್ಕಿ ಚೆನ್ನಾಗಿದೆ. ನಾವು ಮುಂಬೈನವ್ರು, ನಮ್ಮದು ಲೋಕಲ್ ಟ್ರೇನ್. ಮಾಟುಂಗಾದಲ್ಲಿರೋ ಅಜ್ಜಿ ಮನೆಗೆ ಹೋಗೋದನ್ನ ಬರಿ ಅಂದೆ, ಮಗಳು "ಟ್ರೇನ್ ಹತ್ತು, ಮಾಟುಂಗಾದಲ್ಲಿ ಇಳಿ" ಅಂತ ಬರೆದ್ಲು. ಫಾಸ್ಟ್ ಬಂದ್ರೆ? ಅದು ಮಾಟುಂಗಾದಲ್ಲಿ ನಿಲ್ಲಲ್ಲ. ಆವಾಗ "ಸ್ಲೋ ಆದ್ರೆ ಸೀದಾ ಮಾಟುಂಗಾ, ಇಲ್ಲಾಂದ್ರೆ ಕುರ್ಲಾದಲ್ಲಿ ಇಳಿ, ಸ್ಲೋ ಹಿಡಿ" ಅಂತ ಬಂತು. "ಆದ್ರೆ, ಇಲ್ಲಾಂದ್ರೆ" ಎರಡೂ ಪದ ಕೆಂಪು ಪೆನ್ನಲ್ಲಿ ಬರೆಸಿದೆ. ಆಮೇಲೆ ಅವಳೇ ಕೇಳಿದ್ಲು, ಭಾನುವಾರ ಮೆಗಾಬ್ಲಾಕ್ (ಹಳಿ ಕೆಲಸಕ್ಕೆ ಟ್ರೇನ್ ನಿಲ್ಲಿಸೋದು, ದಾರಿ ಬದಲಿಸೋದು) ಇದ್ರೆ? ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ರೈಲ್ವೆ ಹತ್ರಾನೂ ಇರುತ್ತೋ ಇಲ್ವೋ.

ಸ್ವಲ್ಪ ದೊಡ್ಡ ಮಕ್ಕಳಿದ್ರೆ ನೆಲದ ಟೈಲ್ಸ್ ಮೇಲೆ ಆಮೆ ಆಟ ಆಡಿಸಿ. 1967ರಲ್ಲೇ ಸೀಮೋರ್ ಪ್ಯಾಪರ್ಟ್ ಮತ್ತು ಜೊತೆಯವ್ರು ಮಾಡಿದ ಲೋಗೋ ಅನ್ನೋ ಕೋಡಿಂಗ್ ಭಾಷೆ ನಾನು ಶಾಲೇಲಿ ಕಲ್ತಿದ್ದೆ, ಅದ್ರಲ್ಲಿ ಆಜ್ಞೆ ಕೊಟ್ಟು ಆಮೆ ನಡೆಸಿ ಚಿತ್ರ ಬಿಡಿಸೋದು. ಇಲ್ಲಿ ಮಗುನೇ ಆಮೆ: ಮುಂದೆ ಹೋಗು, ಬಲಕ್ಕೆ 90, ನಾಲ್ಕು ಸಲ, ಚೌಕ ರೆಡಿ. ತ್ರಿಕೋನ ಅಂದ್ರೆ ಎಲ್ಲ ಮಕ್ಕಳೂ 60 ಅಂತಾರೆ, ಪುಸ್ತಕದಲ್ಲಿ ಒಳಗಿನ ಕೋನ ಓದಿರ್ತಾರಲ್ಲ. ನಡೆಸಿ ನೋಡಿ, ಮೂರು ಸಲ ತಿರುಗಿದ್ರೂ ಹೊರಟ ಜಾಗಕ್ಕೆ ಬರಲ್ಲ, ತಿರುಗಬೇಕಾಗಿದ್ದು 120.

ವಾಸ್ಕೋ, ಗೋವಾ: ಇಷ್ಟೆಲ್ಲಾ ಯಾಕ್ರೀ, ರಂಗೋಲಿ ಇಲ್ಲೇನು? ನಮ್ಮವ್ವ ಧಾರವಾಡದಾಗ "ನೇರ ಚುಕ್ಕಿ 7ರಿಂದ 1" ಅಂತ ಒಂದ ಸಾಲಿನಾಗ ಹೇಳ್ತಿದ್ಲು, ನಡುವ 7, ಮ್ಯಾಲೆ ಕೆಳಗ 5, 3, 1, ಒಟ್ಟ 25 ಚುಕ್ಕಿ. ಇನ್ನ "ಸಂದು ಚುಕ್ಕಿ 7ರಿಂದ 4" ಅಂದ್ರ ಒಂದೊಂದ ಕಡಿಮಿ ಮಾಡ್ಕೋತ ಎರಡರ ಸಂದಿನಾಗ ಇಡೂದು, 37 ಬರ್ತಾವ. ಇದ ಲೂಪ್, ಅಂದ್ರ ಒಂದ ಕೆಲಸ ಮತ್ತ ಮತ್ತ ಮಾಡ್ಸೂದು, ಅಲ್ದ ಮತ್ತೇನು? ಒಂದ ಹುಡುಗ ಬರೀಲಿ, ಇನ್ನೊಂದ ಹುಡುಗ ಬೆನ್ನ ತಿರುಗಿಸಿ ಕೂತು ಅದನ್ನ ಕೇಳಿ ಚುಕ್ಕಿ ಇಡಲಿ. ಬೈಬ್ಯಾಡ್ರಿ ಅಷ್ಟ. ಹೊಸ ಶಿಕ್ಷಣ ನೀತಿ 2020 ಸೈತ ಕೋಡಿಂಗ್ ಅಂದದ್ದು ಆರನೇತ್ತಾದಿಂದ, ನಿಮ್ಮ ಕೂಸಿಗೆ ಇನ್ನೂ ಟೈಮ್ ಐತಿ.

ಹಡಪ್ಸರ್, ಪುಣೆ: ಎಲ್ರಿಗೂ ಥ್ಯಾಂಕ್ಸ್. ಕತ್ತರಿ ಸೂಪರ್ ಹಿಟ್, ಸೋಫಾ ಕೆಳಗೆಲ್ಲ ಚೀಟಿ. ಇವತ್ತು ರಂಗೋಲಿ ಮಾಡಿಸಿದೆ, 5ರಿಂದ 1. ಮಗಳು ಬರೆದಿದ್ದು "5 ಇಡು. ಕೆಳಗೆ 3 ಇಡು. ಕೆಳಗೆ 1 ಇಡು." ಪಕ್ಕದ ಫ್ಲ್ಯಾಟ್ ಹುಡುಗ ಎಲ್ಲಾ ಸಾಲೂ ಎಡಗಡೆ ಅಂಚಿಂದಾನೇ ಶುರು ಮಾಡಿದ, ಮೆಟ್ಟಿಲು ಬಂತು. "ನೀನು ತಪ್ಪು ಇಟ್ಟೆ", "ನೀನು ತಪ್ಪು ಬರೆದೆ" ಅಂತ ಹತ್ತು ನಿಮಿಷ ಜಗಳ. ಆಮೇಲೆ ಅವಳು ಸುಮ್ನೆ ಹೋಗಿ ಒಂದು ಸಾಲು ಸೇರಿಸಿದ್ಲು, "ಪ್ರತಿ ಸಲ ಒಂದು ಚುಕ್ಕಿ ಒಳಗಿಂದ ಶುರು ಮಾಡು". ಮೇಲಿನ ಅರ್ಧ ಬರೆಯೋದು ಮರ್ತಿದ್ದಾಳೆ, ಅದು ಮುಂದಿನ ಭಾನುವಾರಕ್ಕೆ.