‘ಫ್ಲೈ’ಗೆ ‘ನೊಣ’ ಸಾಕೇ? ಸ್ಟೀಲ್‌ಹೆಡ್ ಗಾಳದ ಕೆಲವು ಪದಗಳನ್ನು ಕುರಿತು

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಕ್ಯಾಸ್ಕೇಡ್ ಪರ್ವತಗಳಿಂದ ಇಳಿದು ಬರುವ ನಾರ್ತ್ ಅಂಪ್ಕ್ವಾ ನದಿಯ ಬಗ್ಗೆ ಕನ್ನಡದಲ್ಲಿ ಒಂದು ದೀರ್ಘ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಈ ನದಿಯ ಸುಮಾರು 50 ಕಿಲೋಮೀಟರ್ ಉದ್ದದ ಭಾಗದಲ್ಲಿ ಫ್ಲೈ, ಎಂದರೆ ನೂಲು ಮತ್ತು ಗರಿಗಳನ್ನು ಕೊಕ್ಕೆಗೆ ಕಟ್ಟಿ ಮಾಡಿದ ಗಾಳ, ಬಳಸಿ ಮಾತ್ರ ಮೀನು ಹಿಡಿಯಬೇಕೆಂಬ ನಿಯಮವಿರುವುದರಿಂದ, ಆ ಪದವನ್ನು ಬದಿಗೆ ಸರಿಸಿ ಲೇಖನ ಮುಂದುವರಿಯುವಂತಿಲ್ಲ. ನಮ್ಮಲ್ಲಿ ಇದುವರೆಗೆ ಕಂಡುಬಂದಿರುವ ‘ನೊಣದ ಗಾಳ’, ‘ಕೃತಕ ನೊಣ’, ‘ಹುಸಿನೊಣ’ ಎಂಬ ರೂಪಗಳಲ್ಲಿ ಯಾವುದೂ ನನಗೆ ಸಮಾಧಾನ ಕೊಟ್ಟಿಲ್ಲ. ಅದಕ್ಕೆ ಕಾರಣವನ್ನು ತಿಳಿಸಿ, ಬಲ್ಲವರ ಅಭಿಪ್ರಾಯವನ್ನು ಕೇಳಬೇಕೆಂದಿದ್ದೇನೆ.

ಟ್ರೌಟ್ ಮೀನಿನ ಮಟ್ಟಿಗೆ ‘ಹುಸಿನೊಣ’ ಒಂದು ಹಂತದವರೆಗೆ ಒಪ್ಪುತ್ತದೆ. ಹೊಳೆಯಲ್ಲಿ ಹುಟ್ಟಿ ಬೆಳೆದು ರೆಕ್ಕೆ ಬಂದಾಗ ಮೇಲೇಳುವ ಹುಳುಗಳನ್ನು ತಿಂದು ಟ್ರೌಟ್ ಬದುಕುತ್ತದೆ. ಆ ಹುಳುವಿನ ಗಾತ್ರ, ಬಣ್ಣ, ನೀರಿನ ಮೇಲೆ ಅದು ಕೂರುವ ರೀತಿ ಎಲ್ಲವನ್ನೂ ನೂಲು ಮತ್ತು ಗರಿಗಳಿಂದ ಕೊಕ್ಕೆಯ ಮೇಲೆ ಕಟ್ಟಿ ಮೀನಿಗೆ ಮೋಸ ಮಾಡುತ್ತಾರೆ. ಆದರೆ ಈ ನದಿಯ ಸ್ಟೀಲ್‌ಹೆಡ್ ಮೀನಿಗೆ ಕಟ್ಟುವುದು ಬೇರೆಯೇ ವಸ್ತು. ಅಂಪ್ಕ್ವಾದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ಗ್ರೀನ್ ಬಟ್ ಸ್ಕಂಕ್’ ಎಂಬುದನ್ನು ನೋಡಿ: ಕೆಂಪು ಗರಿಯ ಬಾಲ, ಅದರ ಬುಡದಲ್ಲಿ ಕಣ್ಣು ಕುಕ್ಕುವ ಹಸಿರಿನ ಒಂದು ಸುತ್ತು, ಕಪ್ಪು ನೂಲಿನ ಮೈ, ಮೈಯುದ್ದಕ್ಕೂ ಓರೆಯಾಗಿ ಸುತ್ತಿದ ಬೆಳ್ಳಿಬಣ್ಣದ ಎಳೆ, ಕೊರಳಿಗೆ ಕಪ್ಪು ಗರಿ, ಬೆನ್ನ ಮೇಲೆ ಬಿಳಿಯ ಕೂದಲಿನ ರೆಕ್ಕೆ. ಇಂಥ ನೊಣ ಯಾವ ಹೊಳೆಯಲ್ಲೂ ಹುಟ್ಟುವುದಿಲ್ಲ. ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಗೆ ಮರಳುವ ಸ್ಟೀಲ್‌ಹೆಡ್‌ಗೆ ಆ ಹೊತ್ತಿನಲ್ಲಿ ಊಟದ ಕಡೆ ಹೆಚ್ಚು ಗಮನವೂ ಇರುವುದಿಲ್ಲ. ಆದ್ದರಿಂದ ನಮ್ಮ ಹಳೆಯ ಪದವಾದ ‘ಎರೆ’ಯೂ ಇಲ್ಲಿ ನಿಲ್ಲುವುದಿಲ್ಲ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳ ಕಡೆ ಬಿಳಿಮೀನಿಗೆ, ಎಂದರೆ ಮಹಶೀರ್‌ಗೆ, ಗಾಳಕ್ಕೆ ಸಿಕ್ಕಿಸುತ್ತಿದ್ದ ರಾಗಿ ಹಿಟ್ಟಿನ ಉಂಡೆ ನಿಜವಾದ ಅರ್ಥದಲ್ಲಿ ಎರೆ. ಅದನ್ನು ಮೀನು ತಿನ್ನುತ್ತದೆ.

ಹೀಗಾಗಿ ನಾನು ‘ಗರಿಗಾಳ’ ಎಂಬ ಪದವನ್ನು ಮುಂದಿಡುತ್ತಿದ್ದೇನೆ. ಅದು ವಸ್ತು ಏನನ್ನು ಹೋಲುತ್ತದೆ ಎಂಬುದನ್ನು ಬಿಟ್ಟು, ಯಾವುದರಿಂದ ಆಗಿದೆ ಎಂಬುದನ್ನು ಹೇಳುತ್ತದೆ. ಈಚೆಗೆ ಗರಿಯ ಬದಲು ಕೃತಕ ಎಳೆಗಳನ್ನೂ ಬಳಸುತ್ತಾರೆಂಬ ಆಕ್ಷೇಪ ಬರಬಹುದು. ಬೆಂಡಿನ ಬದಲು ಪ್ಲಾಸ್ಟಿಕ್ ಬಂದರೂ ಗಾಳದ ದಾರದಲ್ಲಿ ತೇಲುವುದನ್ನು ನಾವು ಬೆಂಡು ಎಂದೇ ಕರೆಯುತ್ತಿರುವಾಗ ಆ ಆಕ್ಷೇಪಕ್ಕೆ ಹೆಚ್ಚು ತೂಕವಿಲ್ಲವೆಂದು ನನ್ನ ಎಣಿಕೆ. ಇದರ ಬೆನ್ನಲ್ಲೇ ಡ್ರೈ ಫ್ಲೈ, ವೆಟ್ ಫ್ಲೈಗಳೂ ಬರುತ್ತವೆ. ಇವನ್ನು ‘ಒಣನೊಣ’, ‘ಒದ್ದೆನೊಣ’ ಎಂದರೆ ಓದುಗರ ಕಣ್ಣಿಗೆ ಕಿಟಕಿಯ ಸಂದಿಯಲ್ಲಿ ಸತ್ತು ಬಿದ್ದ ನೊಣವೇ ಬರುತ್ತದೆ. ಒಂದು ನೀರಿನ ಮೇಲೆ ತೇಲುತ್ತದೆ, ಇನ್ನೊಂದು ಒಳಗೆ ಮುಳುಗಿ ಸಾಗುತ್ತದೆ, ಅಷ್ಟೇ ವ್ಯತ್ಯಾಸ. ‘ತೇಲುಗರಿ’, ‘ಮುಳುಗುಗರಿ’ ಎಂದರೆ ಸಾಲದೇ?

ಕ್ರಿಯಾಪದದ ವಿಚಾರದಲ್ಲಿ ಮಾತ್ರ ಕನ್ನಡ ನಮ್ಮ ಕೈಬಿಟ್ಟಿಲ್ಲ. ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ದೂರ ಹೋಗುವಾಗ ದಾರವನ್ನೂ ಎಳೆದುಕೊಂಡು ಹೋಗುತ್ತದೆ. ಅಲ್ಲಿ ‘ಎಸೆ’, ‘ಹಾಕು’ ಎಂಬವು ಸರಿಯಾಗಿವೆ. ಗರಿಗಾಳಕ್ಕಾದರೋ ಹೇಳಿಕೊಳ್ಳುವಂಥ ತೂಕವಿಲ್ಲ. ತೂಕ ಇರುವುದು ದಪ್ಪನೆಯ ದಾರದಲ್ಲಿ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ದಾರವನ್ನು ಗಾಳಿಯಲ್ಲಿ ಸುರುಳಿಯಾಗಿ ಬಿಡಿಸಿದಾಗ ಗರಿಗಾಳ ಅದರ ತುದಿಯಲ್ಲಿ ಸುಮ್ಮನೆ ಹಿಂಬಾಲಿಸುತ್ತದೆ. ಕನ್ನಡಿಗರು ಬಲೆಯನ್ನು ಬೀಸುತ್ತಾರೆ, ಚಾಟಿಯನ್ನು ಬೀಸುತ್ತಾರೆ, ಕಲ್ಲನ್ನು ಎಸೆಯುತ್ತಾರೆ. ಆದುದರಿಂದ ‘ದಾರ ಬೀಸು’ ಎಂಬ ಪ್ರಯೋಗ ಇಲ್ಲಿ ಅನುವಾದವೆಂದು ಅನ್ನಿಸುವುದೇ ಇಲ್ಲ. ಹಿಂದೆ ಮರಗಳು ಒತ್ತಾಗಿದ್ದು ದಾರವನ್ನು ಬೆನ್ನ ಹಿಂದಕ್ಕೆ ಬಿಡಲು ಎಡೆಯಿಲ್ಲದ ಕಡೆ ಎರಡು ಕೈಯ ಉದ್ದ ಕೋಲಿನಿಂದ ಬೀಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಸ್ಪೇ ನದಿಯ ಹೆಸರಿದೆ. ಅದನ್ನು ‘ಸ್ಪೇ ಬೀಸು’ ಎಂದೇ ಇಟ್ಟುಕೊಂಡಿದ್ದೇನೆ.

ಬೀಸಿದ ಮೇಲಿನ ಕೆಲಸಕ್ಕೆ ಪದ ಹುಡುಕುವುದು ಕಷ್ಟ. ದಾರವನ್ನು ಹೊಳೆಗೆ ಅಡ್ಡವಾಗಿ, ಸ್ವಲ್ಪ ಕೆಳಮುಖವಾಗಿ ಬಿಟ್ಟರೆ ಸೆಳವು ಅದನ್ನು ಬಿಗಿಗೊಳಿಸುತ್ತದೆ, ಗರಿಗಾಳ ಒಂದು ಕಮಾನಿನಂತೆ ಆಚೆ ಕಡೆಯಿಂದ ಈಚೆ ದಡದತ್ತ ಸಾಗಿ ಬಂದು ಗಾಳಗಾರನ ನೇರ ಕೆಳಗೆ ತೂಗಿ ನಿಲ್ಲುತ್ತದೆ. ಆತ ಒಂದೆರಡು ಹೆಜ್ಜೆ ಕೆಳಗಿಳಿದು ಮತ್ತೆ ಬೀಸುತ್ತಾನೆ. ನಡುವೆ ಸೆಳವು ದಾರದ ಹೊಟ್ಟೆಯನ್ನು ಮುಂದಕ್ಕೆ ಹೊತ್ತೊಯ್ದು ಗರಿಗಾಳವನ್ನು ವೇಗವಾಗಿ ಎಳೆಯತೊಡಗಿದರೆ, ಕೋಲಿನ ತುದಿಯಿಂದ ದಾರವನ್ನು ಎತ್ತಿ ಹೊಳೆಯ ಮೇಲ್ಭಾಗದತ್ತ ಮಗುಚುತ್ತಾನೆ. ಗರಿಗಾಳ ಕಮಾನಿನಂತೆ ಸಾಗಿ ಬರುವುದಕ್ಕೆ (ಸ್ವಿಂಗ್) ‘ಓಲಾಟ’, ‘ತೂಗು’, ‘ಅಡ್ಡಹಾಯಿಸು’ ಮೂರನ್ನೂ ಬಳಸಿ ನೋಡಿದೆ. ಮೂರನೆಯದೇ ಕ್ರಿಯೆಗೆ ಹತ್ತಿರ. ದಾರವನ್ನು ಎತ್ತಿ ಹಾಕುವುದಕ್ಕೆ (ಮೆಂಡ್) ‘ದಾರ ಮಗುಚು’ ಎಂದು ಬರೆದಿದ್ದೇನೆ.

ಮೀನಿನ ಹೆಸರುಗಳ ವಿಚಾರದಲ್ಲಿ ನನ್ನ ನಿಲುವು ಎರವಲಿನ ಪರವಾಗಿದೆ. ‘ಉಕ್ಕುತಲೆ’ ಎಂದರೆ ಬೈಗುಳದಂತೆ ಕೇಳುತ್ತದೆ. ಸ್ಟೀಲ್‌ಹೆಡ್ ಮತ್ತು ಹೊಳೆ ಬಿಟ್ಟು ಹೋಗದ ರೇನ್‌ಬೋ ಟ್ರೌಟ್ ಎರಡೂ ಒಂದೇ ಪ್ರಭೇದವಾಗಿದ್ದು, 1989ರ ಹೊತ್ತಿಗೆ ಅದರ ವೈಜ್ಞಾನಿಕ ಹೆಸರು ಸಾಲ್ಮೊ ಗೇರ್ಡ್ನೆರಿಯಿಂದ ಆಂಕೊರಿಂಕಸ್ ಮೈಕಿಸ್ ಎಂದು ಬದಲಾಯಿತು. 1792ರಲ್ಲಿ ಜರ್ಮನ್ ನಿಸರ್ಗವಿಜ್ಞಾನಿ ವಾಲ್ಬೌಮ್ ಕೊಟ್ಟ ‘ಮೈಕಿಸ್’ ಎಂಬುದು ರಷ್ಯಾದ ಕಮ್ಚಾಟ್ಕಾದಲ್ಲಿ ಈ ಮೀನಿಗಿದ್ದ ಸ್ಥಳೀಯ ಹೆಸರಿನಿಂದ ಬಂದುದು. ಲ್ಯಾಟಿನ್ನೇ ಎರವಲು ಪಡೆದಿರುವಾಗ ನಮಗೇಕೆ ಮಡಿ?

ಆದರೆ ಮೊಟ್ಟೆಯಿಡಲು ಮೀನುಗಳು ನದಿಯನ್ನು ಏರಿಬರುವ ಕ್ರಿಯೆಗೆ ಎರವಲು ಬೇಕಿಲ್ಲ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗಳಿಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವ ಮೀನನ್ನು ‘ಹತ್ತುಮೀನು’ ಎನ್ನುತ್ತಾರೆ. ನಮ್ಮವು ಸಮುದ್ರದಿಂದ ಬರುವುದಿಲ್ಲ ಎಂಬ ಭೇದ ನಿಜ, ಆದರೆ ಪದ ಹೇಳುತ್ತಿರುವುದು ಹತ್ತುವುದನ್ನು. ‘ಬೇಸಿಗೆಯ ಹತ್ತುಮೀನು’, ‘ಚಳಿಗಾಲದ ಹತ್ತುಮೀನು’ ಎಂದರೆ ಸ್ಟೀಲ್‌ಹೆಡ್‌ನ ಎರಡು ಗುಂಪುಗಳೂ ಸ್ಪಷ್ಟವಾಗುತ್ತವೆ. ಬಯಲುಸೀಮೆಯ ಓದುಗರು ಇದನ್ನು ಹತ್ತು ಸಂಖ್ಯೆಯ ಮೀನುಗಳೆಂದು ಓದಿಕೊಳ್ಳುವ ಅಪಾಯವಿರುವುದರಿಂದ ಮೊದಲ ಸಲ ಬರುವಲ್ಲಿ ಒಂದು ವಿವರಣೆ ಅಗತ್ಯ.

ಇನ್ನು ಉಳಿದಿರುವುದು ಎರಡು ಪ್ರಶ್ನೆಗಳು. ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆಯಿಟ್ಟು ಸಾಯುತ್ತವೆ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕಿ, ಬಡಕಲಾಗಿ ಸಮುದ್ರಕ್ಕೆ ಮರಳುತ್ತವೆ. ಹಾಗೆ ಕೆಳಗಿಳಿಯುವ ಮೀನಿಗೆ ಮಲೆನಾಡಿನಲ್ಲಾಗಲೀ ಕರಾವಳಿಯಲ್ಲಾಗಲೀ ಪ್ರತ್ಯೇಕ ಹೆಸರಿದೆಯೇ? ಎರಡನೆಯದು, ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾಗಿ ಚಾಚಿಕೊಂಡು ಮೀನು ಬಿಡಿಸಿಕೊಳ್ಳದಂತೆ ತಡೆಯುವ ಸಣ್ಣ ಮುಳ್ಳನ್ನು ಗಾಳ ಹಾಕುವವರು ಏನೆಂದು ಕರೆಯುತ್ತಾರೆ? ಹಿಡಿದ ಮೀನನ್ನು ಜೀವಂತ ಬಿಡಬೇಕಾದ ಅನೇಕ ಸ್ಟೀಲ್‌ಹೆಡ್ ನದಿಗಳಲ್ಲಿ ಆ ಮುಳ್ಳಿಲ್ಲದ ಕೊಕ್ಕೆಯೇ ಕಡ್ಡಾಯವಾಗಿರುವುದರಿಂದ ಈ ಪದ ಲೇಖನದಲ್ಲಿ ಮತ್ತೆ ಮತ್ತೆ ಬರುತ್ತದೆ. ಸದ್ಯಕ್ಕೆ ‘ಹಿಮ್ಮುಳ್ಳು’ ಎಂದು ಬರೆದಿದ್ದೇನೆ. ಬಳಕೆಯ ಪದ ಸಿಕ್ಕಿದರೆ ಇದನ್ನು ತೆಗೆದುಹಾಕುತ್ತೇನೆ.