ಬೋರ್ಡಿಗೆ ಹಾಕಿದ ದುಡ್ಡು ದಂಡವಾ?

ಸೋಮವಾರಪೇಟೆ ಚಿಕ್ಕಪ್ಪ: (ಫೋಟೊ: ಬಸ್ ಸ್ಟ್ಯಾಂಡಿನಲ್ಲಿ ‘ತಂಬಾಕು ತ್ಯಜಿಸಿ’ ಬೋರ್ಡು) ಇದಕ್ಕೆ ದುಡ್ಡಿದೆ. ಮಳೆಗೆ ಕಿತ್ತುಹೋದ ರಸ್ತೆಗೆ ಇಲ್ಲ. ಬೋರ್ಡಿನ ಕೆಳಗೇ ಒಬ್ಬ ಬೀಡಿ ಹಚ್ಚಿಕೊಂಡು ನಿಂತಿದ್ದ.

ವಿರಾಜಪೇಟೆ ಭಾವ: ಸೇದುವವರು ತೆರಿಗೆ ಕಟ್ಟುತ್ತಾರೆ. ಬಿಡಿಸಿದರೆ ಸರ್ಕಾರಕ್ಕೇ ನಷ್ಟ ಅಲ್ವಾ?

ನಾನು: ಲೆಕ್ಕ ಉಲ್ಟಾ ಇದೆ ಭಾವ. 2017-18ರಲ್ಲಿ ತಂಬಾಕಿನ ಕಾಯಿಲೆ, ಸಾವುಗಳಿಂದ ದೇಶಕ್ಕೆ ಆದ ನಷ್ಟ ಸುಮಾರು 1.77 ಲಕ್ಷ ಕೋಟಿ ರೂಪಾಯಿ. ಅಬಕಾರಿ ಸುಂಕ 100 ರೂಪಾಯಿ ಬಂದರೆ, ನಷ್ಟ 816 ರೂಪಾಯಿ.

ವಿರಾಜಪೇಟೆ ಭಾವ: ಅದು ಕಾಗದದ ಮೇಲಿನ ಅಂಕಿ.

ನಾನು: ಕಾಗದ ಬೇಡ, ಅಪ್ಪನನ್ನೇ ನೆನೆಸಿಕೊಳ್ಳಿ. ಎರಡು ವರ್ಷ ಮೈಸೂರಿಗೆ ಓಡಾಡಿದೆವು. ಆ ಸಲದ ಕರಿಮೆಣಸಿನ ದುಡ್ಡು ಪೂರ್ತಿ ಆಸ್ಪತ್ರೆಗೇ ಹೋಯಿತು. ಕೊನೆಕೊನೆಗೆ ಕಣದಿಂದ ಜಗಲಿಗೆ ಬರುವಷ್ಟರಲ್ಲಿ ಮೂರು ಕಡೆ ಕೂರುತ್ತಿದ್ದರು. ಮೊದಲ ಸಲ ಕೂರುತ್ತಿದ್ದುದು ಕಾಫಿ ಮೂಟೆ ಮೇಲೆ.

ಸೋಮವಾರಪೇಟೆ ಚಿಕ್ಕಪ್ಪ: ಅಣ್ಣನಿಗೆ ನಾವು ಹೇಳದೆ ಇದ್ದೆವಾ ಮಗಳೇ? ಬಿಟ್ಟನಾ? ಬೋರ್ಡು ನೋಡಿ ಯಾರು ಬಿಡುತ್ತಾರೆ?

ನಾನು: ಬರೀ ಬೋರ್ಡಿಗೆ ಬಿಡುವುದಿಲ್ಲ, ಒಪ್ಪಿದೆ. ಆದರೆ ಸರಿಯಾಗಿ ಮಾಡಿದರೆ ಬಿಡುತ್ತಾರೆ. 2012ರಲ್ಲಿ ಅಮೆರಿಕದಲ್ಲಿ ಸೇದಿ ಕಾಯಿಲೆ ಬಿದ್ದವರೇ ಟಿವಿಯಲ್ಲಿ ಬಂದು ತಮ್ಮ ಕಥೆ ಹೇಳಿದರು. ಮೂರು ತಿಂಗಳ ಜಾಹೀರಾತಿಗೆ 4.8 ಕೋಟಿ ಡಾಲರ್ ಖರ್ಚು. ಸುಮಾರು ಒಂದು ಲಕ್ಷ ಜನ ಬಿಟ್ಟರು. ಒಬ್ಬರಿಗೆ 480 ಡಾಲರ್. ಅಲ್ಲಿ ಆಸ್ಪತ್ರೆಯಲ್ಲಿ ಒಂದು ದಿನ ಮಲಗಿದರೂ ಅದಕ್ಕಿಂತ ಜಾಸ್ತಿ ಆಗುತ್ತದೆ.

ಮಡಿಕೇರಿ ಅತ್ತೆ: ಅಮೆರಿಕ ಅಲ್ಲೇ ಇರಲಿ. ನಮ್ಮ ತೋಟದ ಲೈನ್ ಮನೆಯ ಕೆಲಸದವರು ಬೆಳಿಗ್ಗೆ ಬೀಡಿ ಸೇದದೆ ಕಾಫಿ ಹಣ್ಣು ಕೊಯ್ಯಲು ಇಳಿಯುವುದೇ ಇಲ್ಲ. ಅವರಿಗೆ ಯಾರು ಹೇಳಬೇಕು?

ನಾನು: ತಂಬಾಕು ಬಿಡಲು ಸಹಾಯವಾಣಿ ಇದೆ ಅತ್ತೆ, 1800-11-2356. ಫ್ರೀ. 2018ರಿಂದ ಪ್ಯಾಕೆಟ್ ಮೇಲೇ ಅಚ್ಚಾಗುತ್ತಿದೆ, ಆ ಅಚ್ಚಿನ ಖರ್ಚೂ ಕಂಪನಿಯದ್ದೇ. ಆದರೆ ಅಂಗಡಿಯಲ್ಲಿ ಒಂದೊಂದೇ ಸಿಗರೇಟು ಕೊಳ್ಳುವವರ ಕಣ್ಣಿಗೆ ಪ್ಯಾಕೆಟ್ ಎಲ್ಲಿ ಬೀಳುತ್ತದೆ? ಅಂಥವರಿಗಾಗಿಯೇ ಬೋರ್ಡು ಬೇಕು.

ನಾನು: ಚಿಕ್ಕಪ್ಪ, ನಿಮ್ಮ ಫೋಟೊ ದೊಡ್ಡದು ಮಾಡಿ ನೋಡಿದೆ. ದೊಡ್ಡ ದೊಡ್ಡ ಫೋಟೊಗಳಿವೆ, ಆ ನಂಬರ್ ಎಲ್ಲೂ ಇಲ್ಲ. ದುಡ್ಡು ದಂಡವಾಗಿದ್ದರೆ ಅಲ್ಲಿ ಆಗಿದೆ. ನನ್ನ ಸಿಟ್ಟೂ ಅದಕ್ಕೇ.

ವಿರಾಜಪೇಟೆ ಭಾವ: ರಸ್ತೆ ಮಾತು ಮಾತ್ರ ಬಿಡಬೇಡಿ.

ನಾನು: ರಸ್ತೆಯೂ ಬೇಕು ಭಾವ. ಅಪ್ಪನನ್ನು ಮೈಸೂರಿಗೆ ಅದೇ ಗುಂಡಿಗಳಲ್ಲಿ ಕರೆದುಕೊಂಡು ಹೋಗಿದ್ದೆ.

ಸೋಮವಾರಪೇಟೆ ಚಿಕ್ಕಪ್ಪ: ನಂಬರ್ ಇನ್ನೊಂದು ಸಲ ಹಾಕು ಮಗಳೇ. ಜೀಪ್ ಓಡಿಸುವ ಹುಡುಗನಿಗೆ ಕಳಿಸುತ್ತೇನೆ.